ಸೊಸೆ ಅಳಿಸೋ ಗಡ್ಡೆ

ನಿನ್ನೆ ರಾತ್ರಿ ನನ್ನ ಮಗಳು ವಾರಾ
ಮಾರಲಿಟ್ಟ ಮೂಟೆಗೇ ಕೈ ಹಾಕಿದಳು.
"ಎರಡು ಗಡ್ಡೆ, ಎರಡು ಮೊಳೆ, ಎರಡು ತುಂಡು ತಾಮ್ರ,
ಗಡಿಯಾರ ಓಡುತ್ತೆ ನೋಡಮ್ಮ."

ಎಲ್ ಆಲ್ತೋ ಸಂತೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಆಲೂಗಡ್ಡೆ ಮಾರುವವಳು ನಾನು.
ಸಂಸಾರ ಓಡಿಸುತ್ತೆ, ಗೊತ್ತು.
ಗಡಿಯಾರ?

ಮೊಳೆ ಅವಳಪ್ಪ ತಗಡಿನ ಸೂರಿನಿಂದ ಕಿತ್ತು ಕೊಟ್ಟದ್ದು.
(ಮಳೆ ಬಂದಾಗ ಆ ತೂತಿಗೆ ಯಾರು ಹೊಣೆ,
ವಿಜ್ಞಾನ ಹೇಳಲಿಲ್ಲ.)
ತಾಮ್ರ, ಸತ್ತ ರೇಡಿಯೋದ ಕರುಳು.

ಮೊದಲು ಇಮಿಲ್ಲಾ. ಹೆಸರಿನ ಅರ್ಥವೇ ಹುಡುಗಿ, ಕೆಂಪು ಕೆನ್ನೆ.
ಚುಚ್ಚಿದಳು. ಗಡಿಯಾರ ಕಣ್ಣು ಬಿಡಲಿಲ್ಲ.
ಆಮೇಲೆ ಚುನ್ಯೊ:
ನನ್ನತ್ತೆ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಬಯಲಲ್ಲಿ ಮಲಗಿಸಿ
ಹಗಲು ಬರಿಗಾಲಲ್ಲಿ ತುಳಿದು
ಹನಿ ಹನಿ ಹಿಂಡಿ ಒಣಗಿಸಿದ ಕಪ್ಪು ಕಲ್ಲು.
ಮೊಳೆಯೇ ಬಾಗಿತು.
"ನೀರಿಲ್ಲದ್ದು ಓಡಿಸೋದಿಲ್ಲ" ಎಂದು ವಾರಾ ಬರೆದುಕೊಂಡಳು.
ಇದನ್ನೂ ಬರಕೋ ಅಂದೆ,
ಅದೂ ಪ್ರಯೋಗವೇ, ಬರೆಯಲು ಬಾರದವರದ್ದು.
ಪೆನ್ಸಿಲ್ ಕಚ್ಚುತ್ತ ನನ್ನನ್ನೇ ನೋಡಿದಳು.

ಕೊನೆಗೆ ನಾನೇ ಮೂಟೆಯ ತಳ ತಡಕಿ
ತೆಗೆದೆ ಎರಡು, ಮೈಯೆಲ್ಲ ಗಂಟು, ಕುರೂಪಿಗಳು.
ಬೇಯಿಸಿದರೆ ಶಕ್ತಿ ಜಾಸ್ತಿಯಂತೆ, ಮೇಷ್ಟ್ರು ಅಂದದ್ದು.
ಮೇಷ್ಟ್ರಿಗೇನು!
ನಮ್ಮ ಎತ್ತರದಲ್ಲಿ ನೀರು ಬೇಗ ಕುದಿಯುತ್ತೆ,
ಗಡ್ಡೆ ಬೇಯೋದಿಲ್ಲ.
ಒಂದೂವರೆ ಗಂಟೆ ಸಿಲಿಂಡರಿನ ಮುಖ ನೋಡುತ್ತ ಕೂತೆವು.

"ಇದಕ್ಕೇನು ಹೆಸರು?"
ಸೊಸೆ ಅಳಿಸೋ ಗಡ್ಡೆ.
"ಯಾಕೆ?"
ಹೆಣ್ಣು ನೋಡಲು ಬಂದ ನಿನ್ನಜ್ಜಿ ಇದನ್ನೇ ಕೈಗಿಟ್ಟು
ತಿರುಳು ಹೋಗದಂತೆ ಸಿಪ್ಪೆ ತೆಗಿ ನೋಡೋಣ ಅಂದಳು.
"ಅತ್ತೆಯಾ?"
ಹೊಗೆ ಅಂದೆ ಅವತ್ತು.
ಇವತ್ತು ಅಡಿಗೆಮನೆಯಲ್ಲಿ ಗ್ಯಾಸು, ಹೊಗೆಯಿಲ್ಲ,
ಹೌದು ಅಂದೆ.

ಚುಚ್ಚಿದಳು.
ಮಿಣುಕ್.
ಹನ್ನೆರಡು, ಎರಡು ಚುಕ್ಕಿ, ಸೊನ್ನೆ ಸೊನ್ನೆ.
ನಿದ್ದೆಯ ನಟನೆ ಬಿಟ್ಟು ಎವಾರಿಸ್ತೋ ಎದ್ದು ಬಂದ, ಒಂದೇ ಕಾಲಿಗೆ ಕಾಲುಚೀಲ.
ನಿಜವಾದ ಹೊತ್ತು ಹತ್ತೂವರೆ. ಒತ್ತುವ ಗುಂಡಿ ಮುರಿದಿತ್ತು.
ಯಾರೂ ತಕರಾರು ಎತ್ತಲಿಲ್ಲ.
ಸತುವಿನ ಮೊಳೆ ನೆಟ್ಟದ್ದನ್ನು ತಿನ್ನಬಾರದಂತೆ;
ಅನ್ನವನ್ನು ಎಸೆಯಬಾರದು ಎಂಬುದು ನನ್ನ ಶಾಸ್ತ್ರ.
ಎರಡೂ ಕಿಟಕಿಯಲ್ಲಿ ಉಳಿದವು.

ಬೆಳಿಗ್ಗೆ ಸಂತೆಯಲ್ಲಿ ಒಬ್ಬಾಕೆ, ಮಗನಿಗೆ ಹೆಣ್ಣು ನೋಡುತ್ತಿರಬೇಕು,
ಆ ಗಂಟುಗಂಟಿನ ಗಡ್ಡೆ ಇದೆಯಾ ಎಂದು ಕೇಳಿದಳು.
ಎರಡಿದ್ದವು ತಾಯಿ, ಅಂದೆ,
ಕೆಲಸಕ್ಕೆ ಸೇರಿಬಿಟ್ಟಿವೆ.