ಇಂಡಿ ರಸ್ತೆಯ ಸೊನ್ನೆ

ವಿಜಯಪುರದ ಬಸ್ ಡಿಪೋ ಹಿಂದೆ,
ಹಳೇ ಟೈರು ಪೇರಿಸಿಡುವ ಕೋಣೆಯಲ್ಲಿ
ಒಂದು ಸೀಟು, ಒಂದು ಸ್ಟೇರಿಂಗು, ಮೂರು ಪರದೆ.
ಹೊಸ ಚಾಲಕರು ಡೀಸೆಲ್ ಸುಡದೆ ಕಲಿಯಲೆಂದು
ನಾನು ಕಟ್ಟಿದ ರಸ್ತೆ.
ಬೇವಿನ ಮರ ಎಣಿಸಿ ನೆಟ್ಟಿದ್ದೆ,
ಬಿಸಿಲಿಗೆ ಬೇಕಾದಷ್ಟು ಬಿಳಿ ಸುರಿದಿದ್ದೆ.

ಮೊದಲ ದಿನ ಕೂತವಳು ಗುರುಬಾಯಿ ಹಡಪದ.
ನಾಲ್ಕನೇ ಗೇರು, ನೆಟ್ಟ ನೋಟ.
ಇಂಡಿಗೆ ತಿರುಗಬೇಕಾದಲ್ಲಿ ತಿರುಗದೆ
ಸೀದಾ ಸೋಲಾಪುರದ ಕಡೆ ಹೊರಟಳು.
"ತಿರುವಿನಲ್ಲಿ ಬೋರ್ಡು ಇತ್ತಲ್ಲ?"
"ಇತ್ರೀ. ಓರೆ ನಿಂತಿತ್ತು. 'ಇಡಿ' ಅಂತ ಬರದಿತ್ತು.
ಏನ ಇಡಬೇಕು, ಎಲ್ಲಿ ಇಡಬೇಕು, ತಿಳೀಲಿಲ್ಲ."

ಸೊನ್ನೆ ಮಾಯವಾಗಿತ್ತು.
ತಿಂದವನು ನಾನೇ.

ದೂರ ಹೋದಷ್ಟೂ ಚಿತ್ರವನ್ನು ಮಡಚಿಡುತ್ತದೆ ಯಂತ್ರ:
ಅರ್ಧ, ಕಾಲು, ಅರೆಕಾಲು, ವೀಸ,
ಸಂತೆಯಲ್ಲಿ ನಮ್ಮಜ್ಜಿ ಲೆಕ್ಕ ಒಪ್ಪಿಸುತ್ತಿದ್ದ ಹಾಗೆ.
ನಾಲ್ಕು ಚುಕ್ಕಿಗೆ ಒಂದು ಚುಕ್ಕಿ, ನಾಲ್ಕರ ಬಣ್ಣ ಕಲಸಿ.
ಹಸಿರು ಹಲಗೆ, ಬಿಳಿ ಅಕ್ಷರ; ಕಲಸಿದರೆ
ನುಚ್ಚು ಹಾಕಿ ಕುದಿಸಿದ ಪುಂಡಿಪಲ್ಯೆ.
ಮೊದಲು ಮುಚ್ಚುವುದು ಸೊನ್ನೆಯ ಕಣ್ಣು,
ಆಮೇಲೆ ಮುದ್ದೇಬಿಹಾಳದ ಒತ್ತು,
ಆಮೇಲೆ ತಲೆಕಟ್ಟುಗಳೆಲ್ಲ ಕೈ ಕೈ ಹಿಡಿದು ಒಂದೇ ಗೆರೆ.
ಕೆಳಗಿನ ಇಂಗ್ಲಿಷು ಬರೀ ಕೋಲು ಕೋಲು,
ಅದು ಹೇಗೋ ನಿಂತಿತ್ತು.

ಮಡಚುವುದನ್ನೇ ಬಿಟ್ಟು ನೋಡಿದೆ.
ಅಕ್ಷರಗಳು ಬೆಲ್ಲ ಕಂಡ ಇರುವೆಗಳಾದವು.
ಗುರುಬಾಯಿ ಹಣೆ ಒತ್ತಿಕೊಂಡು ಇಳಿದುಹೋದಳು.

ಮಧ್ಯಾಹ್ನ ಚಹಾಕ್ಕೆ ಹೊರಬಂದರೆ
ಗೇಟಿನ ಮುಂದೆ, ಡಾಂಬರಿನ ಮೇಲೆ ಕುಕ್ಕರುಗಾಲಲ್ಲಿ
ಪೇಂಟರ್ ಮಹಿಬೂಬಸಾಬ, ಸುಣ್ಣದ ದಾರ, ಬಿಳಿ ಡಬ್ಬಿ.
ನಿಧಾನ ಅಂತ ಬರೆಯುತ್ತಿದ್ದರು. ನಿಧಾನಕ್ಕೇ.
ಒಂದೊಂದು ಅಕ್ಷರ ಮೊಳ ಅಗಲ, ಮಾರುದ್ದ,
ಮಂಚದ ಮೇಲೆ ಒಣಹಾಕಿದ ಶಾವಿಗೆ.
"ಹಿಂಗ್ಯಾಕ ಎಳೆದೀರಿ, ಚಾಚಾ?"
"ನೀ ನಿಂತು ನೋಡತಿ. ಡ್ರೈವರ ದೂರಿಂದ, ಓರೆ ನೋಡತಾನ.
ಅವನ ಕಣ್ಣಾಗ ಅಕ್ಷರ ಉದ್ದಕ್ಕ ಮುದುಡತಾವು, ಅಗಲಕ್ಕ ಅಲ್ಲ.
ಎತ್ತಾಗ ಮುದುಡತಾವೋ ಅತ್ತಾಗ ಹೆಚ್ಚು ಕೊಡಬೇಕು.
ಎರಡೂ ಕಡೆ ಸಮಾ ಕೊಟ್ರ
ಅದು ನ್ಯಾಯ ಅಲ್ಲೋ ತಮ್ಮಾ, ಗಲೀಜು."

ಚಹಾ ಅಲ್ಲೇ ಬಿಟ್ಟು ಓಡಿದೆ.

ಓರೆ ನಿಂತ ಹಲಗೆಯ ಮೇಲೆ
ಪರದೆಯ ಒಂದು ಚುಕ್ಕಿ ಬೀಳುವ ಜಾಗ
ಚೌಕವಲ್ಲ, ಉದ್ದನೆಯ ಪಟ್ಟಿ.
ಚೌಕವೆಂದುಕೊಂಡು ಕಲಸಿದ್ದೆ ಇಷ್ಟು ದಿನ.
ಪಟ್ಟಿಯುದ್ದಕ್ಕೂ ಹದಿನಾರು ಕಡೆ
ಬೆರಳಿಟ್ಟು ನೋಡು ಅಂದೆ ಯಂತ್ರಕ್ಕೆ.
ವೀಸವೆಂದರೆ ಹದಿನಾರರಲ್ಲಿ ಒಂದು.
ಹದಿನಾರು ವೀಸ ಕೂಡಿದರೆ ಇಡಿ.
ಇಡಿಯಾದಾಗ ಇಂಡಿ.

ಹಳೇ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು.
ಬೋರ್ಡುಗಳಿಗೆ ಹದಿನಾರನ್ನೇ ಉಳಿಸಿ
ಜೋಳದ ಹೊಲವನ್ನು ಎರಡಕ್ಕೆ ಇಳಿಸಿದೆ.
ಜೋಳವನ್ನು ಯಾರೂ ಓದುವುದಿಲ್ಲ.
(ಓದುವವರಿದ್ದಾರೆ. ಅವರು ಬಸ್ಸು ಓಡಿಸುತ್ತಿಲ್ಲ.)

ಸಂಜೆ ಮಹಿಬೂಬಸಾಬರನ್ನೇ ಸೀಟಿಗೆ ಕೂರಿಸಿದೆ.
ಕೈಯ ಬಿಳಿ ಬಣ್ಣ ಸ್ಟೇರಿಂಗಿಗೆ ಹತ್ತಿತು.
"ಸೊನ್ನಿ ಬಂತು" ಅಂದರು. ತುಸು ತಡೆದು,
"ಅಕಾ ಅಲ್ಲಿ, ಕಡೇಕ, ಏನದು ಹಸರ ಚುಕ್ಕಿ?"
ನಾಗಠಾಣದ ಬೋರ್ಡು.
ಅದರ ಠದ ಹೊಟ್ಟೆಯೊಳಗಿನ ಚುಕ್ಕಿಯನ್ನೂ ಉಳಿಸಲು
ರಾತ್ರಿಯೆಲ್ಲ ಕೂರಬೇಕೆಂದಿದ್ದೆ.
"ಬ್ಯಾಡ. ಅಷ್ಟ ದೂರಿಂದ ಖರೇ ಬೋರ್ಡೂ ಕಾಣೂದಿಲ್ಲ.
ಹತ್ರ ಹೋದಂಗ ಕಾಣಲಿ. ಊರು ಹಂಗ ಬರಬೇಕು."

ಆಮೇಲೆ, ಗೇರು ಬದಲಿಸಲು ಬಾರದೆ
ಎರಡನೆಯದರಲ್ಲೇ ಗುರುಗುಡುತ್ತ,
ಇಂಡಿಕೇಟರ್ ಹಾಕದೆ
ಇಂಡಿ ಕಡೆ ಹೊರಳಿದರು.