ಬೆರಕೆ ಸೊಪ್ಪಿನ ಲೆಕ್ಕ

ಕೆರಗೋಡಿನ ಹೈಸ್ಕೂಲು, ಹತ್ತನೇ ಕ್ಲಾಸು, ಬಿ ಸೆಕ್ಷನ್ನು,
ಊಟದ ಬೆಲ್ಲಿಗೆ ಮುಂಚಿನ ಪೀರಿಯಡ್ಡು.
ಕ್ರಮಯೋಜನೆ ಎಂದು ಬೋರ್ಡಿನ ಮೇಲೆ ಬರೆದೆ,
ಪಕ್ಕದಲ್ಲಿ ವಿಕಲ್ಪ,
ಎರಡರ ನಡುವೆ ಒಂದು ಗೀಟು.
ಗೀಟು ಹೊಡೆಯುವುದರಲ್ಲಿ ನನ್ನದು ಎತ್ತಿದ ಕೈ.

ಮೂವರನ್ನು ಎಬ್ಬಿಸಿ ಮುಂದಿನ ಬೆಂಚಿಗೆ ಕೂರಿಸಿದೆ:
ಬೋರಲಿಂಗ, ನಯಾಜ್, ಜವರ.
ಎದ್ದರು, ಜಾಗ ಬದಲಿಸಿದರು, ಮತ್ತೆ ಕೂತರು.
ಆರು ಸಲ. ಏಳನೆಯದು ಹುಟ್ಟಲೇ ಇಲ್ಲ.
"ಇನ್ನೊಂದು ತರ ಐತೆ ಸಾ" ಎಂದ ಬೋರಲಿಂಗ,
ಬೆಂಚು ಬಿಟ್ಟು ನೆಲಕ್ಕೆ ಕೂತ.
ಅದು ಸಿಲಬಸ್ಸಿನಲ್ಲಿಲ್ಲ.

ಆಮೇಲೆ ಡೈರಿಯ ಸಾಲನ್ನು ಕ್ಲಾಸಿಗೆ ತಂದೆ.
ಬೆಳಗಿನ ಆರಕ್ಕೆ ಹಾಲಿನ ಕ್ಯಾನುಗಳು,
ಆಳಿಲ್ಲದ ಜಾಗದಲ್ಲಿ ಒಂದು ಕಲ್ಲು, ಒಂದು ಒಂಟಿ ಚಪ್ಪಲಿ,
ಯಾರ ಹಿಂದೆ ಯಾರು ಎಂಬುದಕ್ಕೇ ದಿನವೂ ಜಗಳ.
ಅಲ್ಲಿ ಕ್ರಮ ಮುಖ್ಯ ತಾನೇ?
ಇಡೀ ಕ್ಲಾಸು ಹೌದೆಂದಿತು.
ನಡುವೆ ನುಗ್ಗುವವರ ಮಕ್ಕಳೂ ಹೌದೆಂದರು.

ಸೊನ್ನೆಯ ಕ್ರಮಗುಣಿತ ಒಂದು ಎಂದಾಗ ಮಾತ್ರ
ಯಾರೂ ನನ್ನನ್ನು ನಂಬಲಿಲ್ಲ.
ಕಬ್ಬಿನ ಟ್ರ್ಯಾಕ್ಟರೊಂದು ಹಾದು ಕಿಟಕಿ ನಡುಗಿತು.
"ಏನೂ ಇಲ್ದಿದ್ದನ್ನ ಹೆಂಗ್ ಸಾ ಜೋಡ್ಸೋದು?"
ಗೋಡೆ ಪಕ್ಕದ ಖಾಲಿ ಬೆಂಚು ತೋರಿಸಿದೆ:
ಯಾರೂ ಕೂರದೆ ಇರುವುದಕ್ಕೆ ಇರುವುದೊಂದೇ ತರ.
ಅರ್ಧ ಜನ ಬೆಂಚು ನೋಡಿದರು,
ಅರ್ಧ ಜನ ನನ್ನ ಗಡಿಯಾರ.

ವಿಕಲ್ಪಕ್ಕೆ ಬರುವಷ್ಟರಲ್ಲಿ ಬಿಸಿಯೂಟದ ಕೋಣೆಯಿಂದ
ಒಗ್ಗರಣೆ ವಾಸನೆ ಬಂತು.
ಅದೇ ನೆಪ, ಬೆರಕೆ ಸೊಪ್ಪಿಗೆ ಕೈ ಹಾಕಿದೆ.
ಗಣಿಕೆ, ಅಣ್ಣೆ, ಕೀರೆ, ಗೋಣಿ, ಹೊನಗೊನ್ನೆ:
ಐದರಲ್ಲಿ ಮೂರು ಆರಿಸಿದರೆ ಎಷ್ಟು ತರದ ಸಾರು?
ಇಲ್ಲಿ ಕ್ರಮ ಮುಖ್ಯವಲ್ಲ, ಯಾವುದು ಮೊದಲು ಬಿದ್ದರೇನು,
ಪಾತ್ರೆಯೊಳಗೆ ಎಲ್ಲ ಒಂದೇ.
ಹತ್ತು ಎಂದು ಬರೆದು ಕೈ ಕೊಡವಿದೆ, ಗೆದ್ದವನ ಹಾಗೆ.

ಮೂರನೇ ಬೆಂಚಿನ ಚಿಕ್ಕತಾಯಿ ಕೈ ಎತ್ತಿದಳು.
ಜೂನಿನಿಂದ ಒಮ್ಮೆಯೂ ಎತ್ತದ ಕೈ,
ಉಗುರ ಸಂದಿಯಲ್ಲಿ ಸೊಪ್ಪು ಕಿತ್ತ ಕರೆ.
"ಒಂದೇ ಅಲ್ಲ ಸಾ.
ಕೀರೆ ದಂಟು ಬಲ್ತಿದ್ರೆ ಅದು ಮೊದ್ಲು ಬೇಯ್ಬೇಕು.
ಅಣ್ಣೆ ಎಳೇದು, ಕಡೇಗೆ.
ಮೊದ್ಲೇ ಹಾಕುದ್ರೆ ಕರ್ಗೋಯ್ತದೆ.
ಗಣಿಕೆ ಎಲ್ಲಾದ್ಕೂ ಮುಂದಾದ್ರೆ ಸಾರೇ ಕಹಿ."

ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಗುತ್ತಲೇ ಒಳಗೊಂದು ಲೆಕ್ಕ ಓಡಿತು:
ನಲವತ್ತಾರು ವರ್ಷ,
ತಟ್ಟೆಗೆ ಬಂದ ಸೊಪ್ಪಿನ ಸಾರು ಎಣಿಕೆಗೆ ಸಿಗದಷ್ಟು,
ಬಿಡಿಸಿದ ಸೊಪ್ಪು ಸೊನ್ನೆ.
"ಅದು ಅಡುಗೆ ಕಣಮ್ಮ, ಇದು ಗಣಿತ" ಎಂದೆ.
ಬೆಲ್ಲು ಹೊಡೆದು ನನ್ನನ್ನು ಕಾಪಾಡಿತು.

ಸಂಜೆ ಮಂಡ್ಯದ ಮನೆಯಲ್ಲಿ ಹೆಂಡತಿಯನ್ನು ಕೇಳಿದೆ,
ಸೊಪ್ಪೆಲ್ಲ ಒಟ್ಟಿಗೇ ಹಾಕುತ್ತೀಯಾ?
ಅವಳು ಉತ್ತರ ಹೇಳಲಿಲ್ಲ,
ಈಳಿಗೆ ಮಣೆಯನ್ನು ನನ್ನ ಕಡೆ ತಳ್ಳಿದಳು.

ಕಿರುಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟೆ, ಹಟಕ್ಕೋ ಏನೋ.
ಮೂವತ್ತೆಂಟು ಪತ್ರಿಕೆ, ಮೂವತ್ತೊಂದರಲ್ಲಿ ಹತ್ತು.
ಬೋರಲಿಂಗನದು ಪೂರಾ ಖಾಲಿ.
ಸೊನ್ನೆಯ ಕ್ರಮಗುಣಿತ ಸಾ, ಒಂದು ಮಾರ್ಕು ಕೊಡಿ ಎಂದಾನು.
ಚಿಕ್ಕತಾಯಿ ಸೂತ್ರ ಬರೆದಿಲ್ಲ.
ಹೆಸರು ಬರೆದು, ಹೊಡೆದು ಹಾಕಿ, ಮತ್ತೆ ಬರೆದು
ಒಂದೊಂದಾಗಿ ಎಣಿಸಿದ್ದಾಳೆ, ಹಾಳೆ ತುಂಬ ಸೊಪ್ಪು.
ಕೆಳಗೆ, ಪೆನ್ನು ಒತ್ತಿ:
ಮಡ್ಲಿಗೆ ಕೀಳುವಾಗ ಹತ್ತು.
ಒಲೆ ಮುಂದೆ ಅರವತ್ತು.

ಎರಡಕ್ಕೆ ಎರಡು ಕೊಟ್ಟೆ.
ಸರಿ ಎಂದು ಗುರುತು ಹಾಕಿ, ಪೆನ್ನು ಮುಚ್ಚಿ, ಮತ್ತೆ ತೆರೆದು
ಅಂಚಿನಲ್ಲೊಂದು ಅಂಕವಿಲ್ಲದ ಪ್ರಶ್ನೆ ಬರೆದೆ:
ಅರವತ್ತರಲ್ಲಿ ಉಣ್ಣುವ ಹಾಗಿರುವುದು ಎಷ್ಟು?

ಸೋಮವಾರ ಪತ್ರಿಕೆ ವಾಪಸು ಬಂತು.
ಪೋಷಕರ ಸಹಿಯ ಜಾಗದಲ್ಲಿ ನೀಲಿ ಹೆಬ್ಬೆಟ್ಟು,
ಅದರ ಪಕ್ಕ ದುಂಡಗಿನ ಅಕ್ಷರ:
ಅವ್ವನ್ನ ಕೇಳ್ದೆ ಸಾ. ನಾಕು.