ಏಳು ಹೊಲಿಗೆ

"ಎಂತದೂ ಮಾಡುದಿಲ್ಲ ಮಾರಾಯ್ರೆ, ಪಾಪದ್ದು"
ಮೂರು ವರ್ಷ ಇದನ್ನೇ ಹೇಳಿಕೊಂಡು
ಬಿಜೈಯ ಇಳಿಜಾರಲ್ಲಿ
ಹಗ್ಗ ಸಡಿಲ ಬಿಟ್ಟು ನಡೆದವ ನಾನು.

ನಿನ್ನೆ, ಚರ್ಚಿನ ಗಂಟೆಗೂ ಮುಂಚೆ,
ಲವೀನಾಬಾಯಿಯ ಪಿಂಟಿ
ನಮ್ಮ ಕಾಟುವಿನ ಬಾಯಲ್ಲಿತ್ತು
ಒದ್ದೆ ಚಿಂದಿಯ ಹಾಗೆ.
ನನ್ನ ಕೈಯಲ್ಲಿ ಮೊಬೈಲಿತ್ತು.

ಏಳು ಹೊಲಿಗೆ. ಬಿಲ್ಲು ನಾನೇ ಕೊಟ್ಟೆ.
ಮಿಕ್ಕ ಚಿಲ್ಲರೆಯನ್ನು ಅವರು
ಎಣಿಸಿ ವಾಪಸು ಮಾಡಿದರು,
ಮುಖ ನೋಡದೆ.

ಕಾಟು ಎಂದಿನಂತೆ
ಬಂಗುಡೆಯ ತಲೆ ತಿಂದು ಮೆಟ್ಟಿಲಲ್ಲಿ ಬಿದ್ದುಕೊಂಡಿದೆ.
ನಿದ್ದೆ ಬಾರದ್ದು ನನಗೆ.

ಇವತ್ತು ಬಾಯಿಕುಕ್ಕೆ ತಂದೆ. ಕಟ್ಟುವಾಗ
ಅದು ನನ್ನ ಬೆರಳು ನೆಕ್ಕಿತು.
ಗೇಟಿನಾಚೆ ಯಾರೋ ಮಗುವಿಗೆ ಹೇಳುತ್ತಿದ್ದರು:
"ಆ ಬದಿ ಹೋಗಬೇಡ,
ಆ ಮನೆಯವರು ಸರಿ ಇಲ್ಲ."